ಒಂದು ನಾಣ್ಯ, ಐದು ರೂಪಾಯಿ: ಚಿಕ್ಕ ಮಕ್ಕಳಿಗೆ ದುಡ್ಡಿನ ಲೆಕ್ಕ ಕಲಿಸುವ ಬಗೆ

ನಾಲ್ಕು ವರ್ಷದ ಮಗುವಿನ ಮುಂದೆ ಒಂದು ಕಡೆ ಐದು ರೂಪಾಯಿಯ ಒಂದು ನಾಣ್ಯ, ಇನ್ನೊಂದು ಕಡೆ ಒಂದು ರೂಪಾಯಿಯ ಮೂರು ನಾಣ್ಯ ಇಟ್ಟು, ‘ಯಾವುದು ಜಾಸ್ತಿ?’ ಎಂದು ಕೇಳಿ ನೋಡಿ. ಬಹಳಷ್ಟು ಮಕ್ಕಳು ಮೂರನ್ನೇ ಬಾಚಿಕೊಳ್ಳುತ್ತಾರೆ. ಇದು ದಡ್ಡತನವಲ್ಲ. ನಾವೇ ಹೇಳಿಕೊಟ್ಟ ನಿಯಮವನ್ನು ಮಗು ಚಾಚೂ ತಪ್ಪದೆ ಪಾಲಿಸುತ್ತಿದೆ. ಹುಣಸೆ ಬೀಜ ಎಣಿಸುವಾಗ, ಮೆಟ್ಟಿಲು ಹತ್ತುವಾಗ, ತಟ್ಟೆಯಲ್ಲಿನ ಇಡ್ಲಿ ಎಣಿಸುವಾಗ ನಾವು ಕಲಿಸಿದ್ದು ಒಂದೇ ಮಾತು: ಒಂದು ವಸ್ತುವಿಗೆ ಒಂದು ಎಣಿಕೆ. ದುಡ್ಡಿನಲ್ಲಿ ಈ ನಿಯಮ ನಡೆಯುವುದಿಲ್ಲ. ಕೈಯಲ್ಲಿರುವುದು ಒಂದೇ ಬಿಲ್ಲೆ, ಆದರೆ ಅದರ ಬೆಲೆ ಐದು.

ಮಕ್ಕಳಿಗೆ ದುಡ್ಡು ಕಲಿಸುವಾಗ ಬರುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ. ನಾಣ್ಯಗಳ ಹೆಸರು ಹೇಳಲು ಒಂದು ವಾರ ಸಾಕು. ‘ಒಂದು ನಾಣ್ಯ ಅಂದರೆ ಐದು ಎಣಿಕೆ’ ಎಂಬುದು ಮನಸ್ಸಿಗೆ ಇಳಿಯಲು ತಿಂಗಳುಗಳೇ ಬೇಕು. ಹೆಸರು ಬಂದ ಮರುದಿನವೇ ಕೂಡುವ ಲೆಕ್ಕಕ್ಕೆ ಹಾರಿದರೆ ಮಗು ಉತ್ತರಗಳನ್ನು ಬಾಯಿಪಾಠ ಮಾಡುತ್ತದೆ, ಅಂಗಡಿಯ ಮುಂದೆ ನಿಂತಾಗ ಎಲ್ಲವೂ ಮರೆತುಹೋಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಹೆಚ್ಚು ಜಾಗ ಸಿಗುವುದು ಹೆಸರಿಗೂ ಕೂಡುವುದಕ್ಕೂ ನಡುವೆ ಇರುವ ಆ ಸೇತುವೆಗೆ.

ಶುರು ಮಾಡುವ ಮುನ್ನ

ಮಗು ತಯಾರಿದೆಯೇ ಎಂದು ತಿಳಿಯಲು ವಯಸ್ಸಿಗಿಂತ ನಾಲ್ಕು ಸಣ್ಣ ಪರೀಕ್ಷೆಗಳು ಹೆಚ್ಚು ನಂಬಿಕೆಗೆ ಅರ್ಹ. ಇಪ್ಪತ್ತು ಬೀಜಗಳನ್ನು ಒಂದೊಂದಾಗಿ ಸರಿಸುತ್ತಾ, ಬಿಡದೆ, ಎರಡು ಸಲ ಮುಟ್ಟದೆ ಎಣಿಸುತ್ತದೆಯೇ? ಎಣಿಸಿ ಮುಗಿಸಿದ ಮೇಲೆ ‘ಒಟ್ಟು ಎಷ್ಟು?’ ಎಂದರೆ ಮತ್ತೆ ಮೊದಲಿಂದ ಎಣಿಸದೆ ಹೇಳುತ್ತದೆಯೇ? ಮುಚ್ಚಿದ ಮುಷ್ಟಿ ತೋರಿಸಿ ‘ಇದರಲ್ಲಿ ಐದಿವೆ, ಹೊರಗೆ ಎರಡಿವೆ, ಒಟ್ಟು ಎಷ್ಟು?’ ಎಂದರೆ ‘ಐದು... ಆರು, ಏಳು’ ಎಂದು ಮುಂದುವರಿಸುತ್ತದೆಯೇ? ಐದು, ಹತ್ತು, ಹದಿನೈದು ಎಂದು ಐದರ ಹೆಜ್ಜೆಯಲ್ಲಿ ಐವತ್ತರವರೆಗೆ ಹೋಗುತ್ತದೆಯೇ?

ಇವುಗಳಲ್ಲಿ ಮೂರನೆಯದೇ ಮುಖ್ಯ. ಮುಷ್ಟಿಯೊಳಗಿನ ಐದನ್ನು ನೋಡದೆಯೇ ‘ಐದು’ ಎಂದು ಒಪ್ಪಿಕೊಂಡು ಮುಂದೆ ಎಣಿಸುವ ಮಗು, ನಾಣ್ಯದೊಳಗಿನ ಐದನ್ನೂ ಹಾಗೆಯೇ ಒಪ್ಪಿಕೊಳ್ಳುತ್ತದೆ. ಮುಷ್ಟಿ ಬಿಡಿಸಿ ತೋರಿಸು ಎಂದು ಹಟ ಮಾಡುವ ಮಗುವಿನೊಂದಿಗೆ ಇನ್ನಷ್ಟು ದಿನ ಮುಷ್ಟಿಯ ಆಟವನ್ನೇ ಆಡಿ. ಸಾಮಾನ್ಯವಾಗಿ ಐದೂವರೆಯಿಂದ ಆರು ವರ್ಷದ ಹೊತ್ತಿಗೆ ಇದು ಕೂಡಿಬರುತ್ತದೆ. ಅದಕ್ಕೂ ಮೊದಲು ನಾಣ್ಯಗಳನ್ನು ವಿಂಗಡಿಸುವ, ಉಜ್ಜಿ ಅಚ್ಚು ತೆಗೆಯುವ ಆಟಗಳಿಗೆ ಅಡ್ಡಿಯಿಲ್ಲ.

ಸುರಕ್ಷತೆಯ ಮಾತನ್ನು ಇಲ್ಲೇ ಹೇಳಬೇಕು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ನಾಣ್ಯ ಬೇಡ. ಕಲಿಯುವ ಮಗುವಿಗೆ ಐದು ವರ್ಷವಾಗಿದ್ದರೂ, ಮನೆಯಲ್ಲಿ ಅಂಬೆಗಾಲಿಡುವ ತಮ್ಮನೋ ತಂಗಿಯೋ ಇದ್ದರೆ ಆಟ ಮುಗಿದ ತಕ್ಷಣ ನಾಣ್ಯಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಎಣಿಸುವುದು ಪಾಠವೂ ಹೌದು, ಕಾವಲೂ ಹೌದು. ಮಗು ನಾಣ್ಯ ನುಂಗಿದರೆ ಬಾಳೆಹಣ್ಣು, ಅನ್ನದ ಉಂಡೆ ತಿನ್ನಿಸಿ ಕೆಳಗೆ ಇಳಿಸಲು ನೋಡಬೇಡಿ, ವಾಂತಿಯನ್ನೂ ಮಾಡಿಸಬೇಡಿ. ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿ. ಜೊಲ್ಲು ಸುರಿಸುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಒಂದು ನಿಮಿಷವೂ ತಡಮಾಡಬಾರದು. ಆಟಿಕೆ, ರಿಮೋಟುಗಳ ಗುಂಡಿ ಬ್ಯಾಟರಿಯನ್ನು ಮಕ್ಕಳು ನಾಣ್ಯದ ಜೊತೆ ಬೆರೆಸಿಡುವುದುಂಟು. ಅದು ನಾಣ್ಯಕ್ಕಿಂತ ಎಷ್ಟೋ ಪಾಲು ಅಪಾಯಕಾರಿ, ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ಇನ್ನು, ಹೊಸದಾಗಿ ತಂದ ನಾಣ್ಯಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸಿ ಕೊಡಿ.

ಡಬ್ಬಿಯಲ್ಲಿ ಏನಿರಬೇಕು? ಒಂದು ರೂಪಾಯಿಯವು 20, ಎರಡರವು 10, ಐದರವು 6, ಹತ್ತರವು 5, ಇಪ್ಪತ್ತರವು 2. ಇಷ್ಟಕ್ಕೆ 160 ರೂಪಾಯಿ. ಮುಂದಿನ ಹಂತಕ್ಕೆ ಹತ್ತರ ನೋಟು 5, ಇಪ್ಪತ್ತರವು 2, ಐವತ್ತರದು 1, ನೂರರದು 1 ಸೇರಿಸಿದರೆ ಒಟ್ಟು 400 ರೂಪಾಯಿ. ಈ ದುಡ್ಡು ಎಲ್ಲಿಯೂ ಖರ್ಚಾಗುವುದಿಲ್ಲ, ಕಲಿಕೆ ಮುಗಿದ ಮೇಲೆ ಹಾಗೆಯೇ ಉಳಿಯುತ್ತದೆ. ಪ್ಲಾಸ್ಟಿಕ್ ನಾಣ್ಯಕ್ಕಿಂತ ನಿಜವಾದದ್ದೇ ಮೇಲು. ಆಟಿಕೆಯ ನಾಣ್ಯಗಳಲ್ಲಿ ತೂಕವಿಲ್ಲ, ಗಾತ್ರ ಸರಿಯಿಲ್ಲ, ಅಂಗಡಿಯಲ್ಲಿ ಮಗುವಿಗೆ ಎದುರಾಗುವ ಗೊಂದಲವೂ ಅವುಗಳಲ್ಲಿ ಇರುವುದಿಲ್ಲ. ನೋಟುಗಳನ್ನು ಜೆರಾಕ್ಸ್ ಮಾಡಿಸಿ ಆಟಕ್ಕೆ ಕೊಡುವ ಯೋಚನೆ ಬಂದರೆ ಬಿಟ್ಟುಬಿಡಿ. ನೋಟನ್ನು ಹೋಲುವ ಕಾಗದ ತಯಾರಿಸುವುದನ್ನು ಕಾನೂನು ತಡೆಯುತ್ತದೆ. ಮಗುವೇ ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಂಡ ಚೀಟಿ ಸಾಕು.

ಗಾತ್ರ ನಂಬಿದರೆ ಕೆಟ್ಟಿತು

ದೊಡ್ಡದಕ್ಕೆ ಹೆಚ್ಚು ಬೆಲೆ ಎಂದು ಮಗು ಊಹಿಸುವುದು ಸಹಜ. ನಮ್ಮ ನಾಣ್ಯಗಳು ಆ ಊಹೆಯನ್ನು ಪದೇಪದೇ ಸುಳ್ಳು ಮಾಡುತ್ತವೆ. ರೂಪಾಯಿ ಚಿಹ್ನೆ ಇರುವ 2011ರ ಮಾಲಿಕೆಯಲ್ಲಿ ಒಂದು ರೂಪಾಯಿ ಸುಮಾರು 22 ಮಿ.ಮೀ., ಎರಡು ರೂಪಾಯಿ 25, ಐದು ರೂಪಾಯಿ 23. ಎಂದರೆ ಐದಕ್ಕಿಂತ ಎರಡೇ ದೊಡ್ಡದು! 2019ರ ಹೊಸ ಮಾಲಿಕೆಯಲ್ಲಿ ಇದನ್ನು ತಿದ್ದಿದ್ದಾರೆ: ಒಂದು 20 ಮಿ.ಮೀ., ಎರಡು 23, ಐದು 25. ಆದರೆ ಹಳೆಯವೂ ಹೊಸವೂ ಒಟ್ಟಿಗೇ ಚಲಾವಣೆಯಲ್ಲಿವೆ. 2004ರವರೆಗೆ ಬಂದ ಒಂದು ರೂಪಾಯಿಯ ಉಕ್ಕಿನ ನಾಣ್ಯವೂ 25 ಮಿ.ಮೀ. ಅದನ್ನೂ ಸೇರಿಸಿಕೊಂಡರೆ ಒಂದೇ ಅಳತೆಯ ಮೂರು ನಾಣ್ಯಗಳು ನಿಮ್ಮ ಡಬ್ಬಿಯಲ್ಲಿರಬಹುದು, ಮೂರಕ್ಕೂ ಬೇರೆ ಬೇರೆ ಬೆಲೆ: ಒಂದು, ಎರಡು, ಐದು.

ಆದ್ದರಿಂದ ಮೊದಲ ಪಾಠ ‘ಅಂಕಿ ಎಲ್ಲಿದೆ, ತೋರಿಸು.’ ಸಿಂಹದ ಮುಖ ಮೇಲಿದ್ದರೆ ಮಗು ತಾನೇ ಮಗುಚಬೇಕು. ನಾಣ್ಯದ ಮೇಲೆ ಬರಹ ಇರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ, ಕನ್ನಡ ಇಲ್ಲ. ಹಾಗಾಗಿ ಓದಲು ಬಾರದ ಮಗುವಿಗೂ ಬರುವ ಮಗುವಿಗೂ ದಿಕ್ಕು ಆ ಅಂಕಿಯೇ. ಶಾಲೆಯಲ್ಲಿ ೧, ೨, ೫ ಬರೆಯುವುದನ್ನು ಮೊದಲು ಕಲಿತ ಮಗುವಿಗೆ 1, 2, 5ರ ಪರಿಚಯ ಗಟ್ಟಿಯಾಗಿದೆಯೇ ಎಂದು ನೋಡಿಕೊಳ್ಳಿ. 2007ರ ಸುಮಾರಿಗೆ ಬಂದ ಹಸ್ತಮುದ್ರೆಯ ನಾಣ್ಯಗಳು ಸಿಕ್ಕರೆ ಎತ್ತಿಡಿ: ಒಂದು ರೂಪಾಯಿಯ ಮೇಲೆ ಎತ್ತಿದ ಹೆಬ್ಬೆರಳು, ಎರಡು ರೂಪಾಯಿಯ ಮೇಲೆ ಎರಡು ಬೆರಳು. ಚಿಕ್ಕವರಿಗೆ ಇದಕ್ಕಿಂತ ಒಳ್ಳೆಯ ನಾಣ್ಯ ಬಂದಿಲ್ಲ.

ಅಂಕಿಯ ನಂತರವೇ ಬಣ್ಣ ಮತ್ತು ಅಂಚು. ಇತ್ತೀಚಿನ ಐದು ರೂಪಾಯಿ ಹಿತ್ತಾಳೆಯ ಬಣ್ಣದ್ದು. ಹಳೆಯ ಬಿಳಿ ಐದು ದಪ್ಪ, 9 ಗ್ರಾಂ ತೂಕ, ಅಂಗೈಯಲ್ಲಿಟ್ಟರೇ ಗೊತ್ತಾಗುತ್ತದೆ. ಹತ್ತು ಮತ್ತು ಇಪ್ಪತ್ತು ಎರಡೂ 27 ಮಿ.ಮೀ., ಎರಡೂ ಎರಡು ಬಣ್ಣದವು. ಆದರೆ ಹತ್ತರಲ್ಲಿ ಹೊರಬಳೆ ಹೊಂಬಣ್ಣ, ನಡುವೆ ಬಿಳಿ. ಇಪ್ಪತ್ತರಲ್ಲಿ ಅದು ತಿರುವುಮುರುವು. ಇಪ್ಪತ್ತಕ್ಕೆ ಹನ್ನೆರಡು ಮೂಲೆಗಳೂ ಇವೆ. ಬಟ್ಟೆಯ ಚೀಲದಲ್ಲಿ ಐದಾರು ನಾಣ್ಯ ಹಾಕಿ, ಕಣ್ಣಿನಲ್ಲಿ ನೋಡದೆ ಬೆರಳಲ್ಲಿ ತಡವಿ ಇಪ್ಪತ್ತನ್ನು ಹೊರತೆಗೆಯುವ ಆಟ ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಒಮ್ಮೆಗೆ ಎರಡೇ ಬಗೆಯ ನಾಣ್ಯ ಕೊಡಿ. ಮೊದಲು ಒಂದು ಮತ್ತು ಐದು, ಬಳಿಕ ಹತ್ತು, ಕೊನೆಗೆ ಎರಡು. ಪಠ್ಯಕ್ರಮದ ಸಹಜ ಅನುಕ್ರಮ ಒಂದು, ಎರಡು, ಐದು, ಹತ್ತು ಎಂದು ಅನ್ನಿಸುತ್ತದೆ. ಆದರೆ ಎರಡು ರೂಪಾಯಿ ನಾಣ್ಯ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟದ್ದು. ನೋಡಲು ಒಂದು ರೂಪಾಯಿಯ ಹಾಗೆಯೇ ಬಿಳಿ, ಎಷ್ಟು ಸೇರಿಸಿದರೂ ಐದಾಗುವುದಿಲ್ಲ. ಅದನ್ನು ತಡವಾಗಿ ತರುವುದರಿಂದ ನಷ್ಟವಿಲ್ಲ. ವಿಂಗಡಿಸಲು ಮನೆಯಲ್ಲಿ ಅಳಗುಳಿಮಣೆ ಇದ್ದರೆ ಅದರ ಗುಳಿಗಳೇ ಬಟ್ಟಲು.

ಸೇತುವೆ: ಬೆಲೆಯನ್ನು ಉದ್ದವಾಗಿ ತೋರಿಸುವುದು

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ 60 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಪ್ರತಿ 3 ಸೆಂ.ಮೀ.ಗೆ ಗೆರೆ ಎಳೆದರೆ 20 ಮನೆಗಳಾದವು. 1ರಿಂದ 20ರವರೆಗೆ ಬರೆಯಿರಿ. ಇನ್ನು ಲಗ್ನಪತ್ರಿಕೆಯಂಥ ದಪ್ಪ ಕಾಗದದಲ್ಲಿ ತುಂಡುಗಳು: 3 ಸೆಂ.ಮೀ.ಯವು ಕೆಲವು, 15 ಸೆಂ.ಮೀ.ಯವು ಮೂರು, 30 ಸೆಂ.ಮೀ.ಯದು ಒಂದು. ಮೂರು ಸೆಂ.ಮೀ. ತುಂಡಿಗೆ ಒಂದು ರೂಪಾಯಿ, ಹದಿನೈದರದಕ್ಕೆ ಐದು ರೂಪಾಯಿ, ಮೂವತ್ತರದಕ್ಕೆ ಹತ್ತು ರೂಪಾಯಿ ನಾಣ್ಯವನ್ನು ಬಲತುದಿಯಲ್ಲಿ ಟೇಪಿನಿಂದ ಅಂಟಿಸಿ.

ಈಗ ಐದು ರೂಪಾಯಿಯ ತುಂಡನ್ನು ಪಟ್ಟಿಯ ಮೇಲಿಟ್ಟರೆ ಅದು ಐದು ಮನೆ ನುಂಗುತ್ತದೆ, ನಾಣ್ಯ ಸರಿಯಾಗಿ 5ರ ಮನೆಯ ಮೇಲೆ ಕೂರುತ್ತದೆ. ಮೂರು ಒಂದರ ತುಂಡು ಇಟ್ಟರೆ 3ಕ್ಕೇ ನಿಲ್ಲುತ್ತದೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಈಗ ಕಣ್ಣಿಗೇ ಕಾಣುತ್ತದೆ, ದೊಡ್ಡವರ ಮಾತನ್ನು ನಂಬಬೇಕಾಗಿಲ್ಲ. ‘ಹನ್ನೆರಡನೇ ಮನೆಗೆ ಹೋಗು’ ಎಂದು ಹೇಳಿ. ಕೆಲವರು ಹನ್ನೆರಡು ಒಂದನ್ನೇ ಜೋಡಿಸಲು ಹೊರಡುತ್ತಾರೆ. ಒಂದರ ತುಂಡುಗಳನ್ನು ನಾಲ್ಕೇ ಕೊಟ್ಟಿದ್ದರೆ ಐದು, ಹತ್ತುಗಳನ್ನು ಬಳಸುವುದು ಅನಿವಾರ್ಯವಾಗುತ್ತದೆ. ಹೀಗೆ ಕೈ ಕಟ್ಟುವುದೇ ಇಲ್ಲಿ ಉಪಾಯ.

ದಿನಕ್ಕೆ ಹತ್ತು ಹದಿನೈದು ನಿಮಿಷ, ವಾರಕ್ಕೆ ನಾಲ್ಕು ದಿನ ಸಾಕು. ಮಗು ಮನೆಗಳನ್ನು ಎಣಿಸದೆ ಐದರ ತುಂಡನ್ನು ನೇರವಾಗಿ 5ಕ್ಕೆ ಇಡತೊಡಗಿದ ಮೇಲೆ ತುಂಡುಗಳನ್ನು ತೆಗೆದು ಬರೀ ನಾಣ್ಯ ಕೊಡಿ. ಆಗ ಒಂದು ಹೆಜ್ಜೆ ಹಿಂದೆ ಜಾರುವುದು ಸಹಜ. ನಾಣ್ಯದ ಮೇಲೆ ಬೆರಳಿನಿಂದ ಐದು ಸಲ ತಟ್ಟಿ ಎಣಿಸಲಿ. ತಟ್ಟುವುದನ್ನು ತಡೆಯಬೇಡಿ, ಕೆಲವು ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ. ಚೌಕಾಬಾರ ಆಡುವ ಮಕ್ಕಳಿಗೆ ಈ ಹೊಳಹು ಬೇಗ ಬರುತ್ತದೆ. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಎಂಟು ಎಂಬುದನ್ನು ಅವರು ಆಗಲೇ ಒಪ್ಪಿಕೊಂಡಿದ್ದಾರೆ. ಕಾಣುವ ಸಂಖ್ಯೆ ಬೇರೆ, ಸಲ್ಲುವ ಸಂಖ್ಯೆ ಬೇರೆ ಎಂಬ ತಿಳಿವು ಅಲ್ಲೇ ಇದೆ.

ಮುರಿಸುವ ಆಟ

ಒಂದು ದಾಳ, ಇಬ್ಬರು ಆಟಗಾರರು, ನಡುವೆ ‘ಬ್ಯಾಂಕು’ ಎಂಬ ತಟ್ಟೆ. ದಾಳ ಇಲ್ಲದಿದ್ದರೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜಗಳು ನಡೆಯುತ್ತವೆ. ಬಿದ್ದಷ್ಟು ಒಂದು ರೂಪಾಯಿಗಳನ್ನು ತಟ್ಟೆಯಿಂದ ತೆಗೆದುಕೊಳ್ಳಬೇಕು. ಕೈಯಲ್ಲಿ ಐದು ಒಂದುಗಳಾದ ಕೂಡಲೇ ಅವನ್ನು ತಟ್ಟೆಗೆ ಹಾಕಿ ಒಂದು ಐದನ್ನು, ಎರಡು ಐದುಗಳಾದರೆ ಒಂದು ಹತ್ತನ್ನು ಪಡೆಯಬೇಕು. ಮೊದಲು ಎರಡು ಹತ್ತು ಗಳಿಸಿದವರು ಗೆದ್ದಂತೆ. ದಾಳದಲ್ಲಿ ಸರಾಸರಿ ಮೂರೂವರೆ ಬೀಳುವುದರಿಂದ ಒಬ್ಬೊಬ್ಬರಿಗೆ ಆರು ಸುತ್ತಿನ ಆಸುಪಾಸಿನಲ್ಲಿ ಆಟ ಮುಗಿಯುತ್ತದೆ. ಎರಡು ರೂಪಾಯಿ ನಾಣ್ಯಗಳು ಈ ಆಟದಲ್ಲಿ ಬೇಡ.

ಇಲ್ಲಿ ಆಗುವ ತಪ್ಪುಗಳನ್ನು ಗಮನವಿಟ್ಟು ನೋಡಬೇಕು. ಮಗು ಐದನ್ನು ತೆಗೆದುಕೊಳ್ಳುತ್ತದೆ, ಒಂದುಗಳನ್ನು ಹಿಂದಿರುಗಿಸುವುದಿಲ್ಲ. ಇದು ಮೋಸವಲ್ಲ, ‘ಬಹುಮಾನ ಸಿಕ್ಕಿತು’ ಎಂದುಕೊಂಡಿದೆ. ಇನ್ನು ಕೆಲವರು ಐದು ನಾಣ್ಯ ಕೊಟ್ಟು ಒಂದೇ ಪಡೆಯುವಾಗ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಅಳುವವರೂ ಇದ್ದಾರೆ. ಎರಡಕ್ಕೂ ಮದ್ದು ಒಂದೇ. ಐದೂ ಒಂದುಗಳನ್ನು ಪಟ್ಟಿಯ ಮೇಲೆ ಮನೆಗೊಂದರಂತೆ ಸಾಲಾಗಿ ಇಡಿಸಿ, ಕೆಳಗೆ ಐದು ರೂಪಾಯಿ ಅಂಟಿಸಿದ ಕಾಗದದ ತುಂಡನ್ನು ತಂದು ಎರಡೂ ಐದೇ ಮನೆ ಎಂದು ತೋರಿಸಿ, ಆಮೇಲೆ ಅದಲುಬದಲು. ‘ಕೊಟ್ಟೆ, ತಗೊಂಡೆ’ ಎಂದು ಗಟ್ಟಿಯಾಗಿ ಹೇಳಿಸಿ.

ಇದನ್ನೇ ಹಿಂದುಮುಂದಾಗಿ ಆಡಿಸುವುದು ಇನ್ನೂ ಬೆಲೆಯುಳ್ಳದ್ದು, ಇನ್ನೂ ಕಷ್ಟದ್ದು. ಇಬ್ಬರೂ ಎರಡು ಹತ್ತುಗಳಿಂದ ಶುರು ಮಾಡಿ ದಾಳ ಬಿದ್ದಷ್ಟನ್ನು ಬ್ಯಾಂಕಿಗೆ ಕಟ್ಟಬೇಕು. ಮೂರು ಬಿತ್ತು, ಕೈಯಲ್ಲಿ ಹತ್ತುಗಳು ಮಾತ್ರ ಇವೆ. ಏನು ಮಾಡುವುದು? ಮುರಿಸಬೇಕು. ಹತ್ತು ಕೊಟ್ಟು ಎರಡು ಐದು, ಒಂದು ಐದು ಕೊಟ್ಟು ಐದು ಒಂದು. ಎರಡನೇ ತರಗತಿಯಲ್ಲಿ ಕಳೆಯುವ ಲೆಕ್ಕ ಬಂದಾಗ ‘ಪಕ್ಕದ ಮನೆಯಿಂದ ಹತ್ತು ತಗೋ’ ಎಂದು ಹೇಳುವುದು ಇದನ್ನೇ. ಬಿಡಿ ಸ್ಥಾನ, ಹತ್ತರ ಸ್ಥಾನ ಎಂದು ಪುಸ್ತಕದಲ್ಲಿರುವ ಆ ‘ಬಿಡಿ’ಯೂ ಜೇಬಿನ ಬಿಡಿ ಕಾಸಿನ ‘ಬಿಡಿ’ಯೂ ಒಂದೇ. ನೋಟು ಮುರಿಸಿ ಗೊತ್ತಿರುವ ಮಗುವಿಗೆ ಕಳೆಯುವ ಲೆಕ್ಕ ಹೊಸದಾಗಿ ಕಾಣುವುದಿಲ್ಲ.

ಕನ್ನಡದ ಹತ್ತುಗಳು

ಹತ್ತರ ನಾಣ್ಯ ಬಂದ ಮೇಲೆ ಕಿವಿಯ ತೊಡಕು ಶುರುವಾಗುತ್ತದೆ. ಇಪ್ಪತ್ತು, ಎಪ್ಪತ್ತು, ಎಂಬತ್ತು ಮಗುವಿನ ಕಿವಿಗೆ ಒಂದೇ ಥರ. ಐವತ್ತು, ಅರವತ್ತು ಹಾಗೆಯೇ. ಒಂಬತ್ತು, ತೊಂಬತ್ತು ಅಂತೂ ಬಲು ಮೋಸ. ಆದರೆ ಬಾಲದಲ್ಲಿರುವ ‘ಪತ್ತು’, ‘ವತ್ತು’, ‘ಬತ್ತು’ ಎಲ್ಲವೂ ನಮ್ಮ ಹತ್ತೇ. ಹಳಗನ್ನಡದಲ್ಲಿ ಹತ್ತಕ್ಕೆ ಪತ್ತು ಎನ್ನುತ್ತಿದ್ದರು. ಇದನ್ನು ನಾಣ್ಯದಿಂದಲೇ ಕಾಣಿಸಬಹುದು. ಮೂರು ಹತ್ತುಗಳನ್ನು ಇಟ್ಟು ‘ಮೂರು ಹತ್ತು, ಮೂವತ್ತು’, ಐದನ್ನು ಇಟ್ಟು ‘ಐದು ಹತ್ತು, ಐವತ್ತು’, ಏಳಕ್ಕೆ ‘ಏಳು ಹತ್ತು, ಎಪ್ಪತ್ತು’, ಎಂಟಕ್ಕೆ ‘ಎಂಟು ಹತ್ತು, ಎಂಬತ್ತು’. ಹತ್ತರ ನಾಣ್ಯಗಳು ಮುಗಿದರೆ ಹತ್ತರ ನೋಟು ಸೇರಿಸಿ. ‘ತೊಂಬತ್ತು’ ಮಾತ್ರ ಈ ದಾರಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಅದನ್ನು ಹಾಗೆಯೇ ನೆನಪಿಡಬೇಕು.

ಇಂಗ್ಲಿಷ್ ಮಾಧ್ಯಮದ ಮಕ್ಕಳು ಫಿಫ್ಟಿ ಎಂದರೆ ತಿಳಿದು, ಐವತ್ತು ಎಂದರೆ ಕಣ್ಣು ಕಣ್ಣು ಬಿಡುವುದು ಬೆಂಗಳೂರಿನಲ್ಲಷ್ಟೇ ಅಲ್ಲ, ಈಗ ಎಲ್ಲ ಊರುಗಳಲ್ಲೂ ಇದೆ. ಸೊಪ್ಪಿನವರು ‘ಇಪ್ಪತ್ತೈದು ಕೊಡಮ್ಮ’ ಎನ್ನುತ್ತಾರೆ, ಟ್ವೆಂಟಿ ಫೈವ್ ಎನ್ನುವುದಿಲ್ಲ. ನಾಣ್ಯ ಎಣಿಸುವುದು ಕನ್ನಡ ಸಂಖ್ಯೆಗಳನ್ನು ಗಟ್ಟಿ ಮಾಡಲು ಸಿಗುವ ತೀರಾ ಸಹಜವಾದ ಸಂದರ್ಭ. ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳಲ್ಲಿ ಮೌಲ್ಯ ಬರೆದಿರುತ್ತದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. ಓದಲು ಬಂದ ಮಗುವಿಗೆ ಅದನ್ನು ಹುಡುಕಲು ಹೇಳಿ. ಹೊಸ ಐವತ್ತರ ನೋಟಿನಲ್ಲಿ ಹಂಪಿಯ ಕಲ್ಲಿನ ರಥವೂ ಸಿಗುತ್ತದೆ.

ಬೆರಕೆ ನಾಣ್ಯಗಳ ಎಣಿಕೆ

ಒಂದು ಹಿಡಿ ನಾಣ್ಯ ಸುರಿದು ‘ಎಷ್ಟಿದೆ?’ ಎಂದರೆ ಮೊದಲ ಕೆಲಸ ಎಣಿಸುವುದಲ್ಲ, ಬೇರ್ಪಡಿಸುವುದು. ದೇವಸ್ಥಾನದ ಹುಂಡಿ ಎಣಿಕೆಗೆ ಕೂತವರೂ ಮಾಡುವುದು ಇದನ್ನೇ. ಆಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲು, ಎಡದಿಂದ ಬಲಕ್ಕೆ. ಎಣಿಸಿದ ನಾಣ್ಯವನ್ನು ಕೈಯಿಂದ ಸರಿಸಲೇಬೇಕು. ಕಣ್ಣಿನಲ್ಲೇ ಎಣಿಸಲು ಬಿಟ್ಟರೆ ಎಲ್ಲಿದ್ದೇನೆಂದು ಮರೆಯುತ್ತದೆ.

ಎರಡು ಹತ್ತು, ಎರಡು ಐದು, ಮೂರು ಎರಡು, ಒಂದು ಒಂದು. ಎಣಿಕೆ ಹೀಗೆ: ಹತ್ತು, ಇಪ್ಪತ್ತು, ಇಪ್ಪತ್ತೈದು, ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕು, ಮೂವತ್ತಾರು, ಮೂವತ್ತೇಳು. ಮಕ್ಕಳು ಎಡವುವುದು ಬಗೆ ಬದಲಾಗುವ ಜಾಗದಲ್ಲಿ. ಹತ್ತು, ಇಪ್ಪತ್ತು ಎಂದ ನಾಲಿಗೆ ಐದರ ನಾಣ್ಯಕ್ಕೂ ‘ಮೂವತ್ತು’ ಎಂದುಬಿಡುತ್ತದೆ. ಹಳೆಯ ಹೆಜ್ಜೆಯೇ ಮುಂದುವರಿದಿರುತ್ತದೆ. ಎರಡು ಬಗೆಗಳ ನಡುವೆ ಒಂದು ಪೆನ್ಸಿಲ್ ಅಡ್ಡ ಇಡಿ. ಪೆನ್ಸಿಲ್ ಬಂದ ಕಡೆ ನಿಂತು, ‘ಇಲ್ಲಿಯವರೆಗೆ ಇಪ್ಪತ್ತು. ಈಗ ಐದುಗಳು’ ಎಂದು ಹೇಳಿ ಮುಂದೆ ಹೋಗಬೇಕು. ಒಂದೆರಡು ವಾರದಲ್ಲಿ ಪೆನ್ಸಿಲ್ ಬೇಕಾಗುವುದಿಲ್ಲ, ನಿಲ್ಲುವ ಅಭ್ಯಾಸ ಉಳಿಯುತ್ತದೆ.

ಮೇಲಿನ ಲೆಕ್ಕದಲ್ಲಿ ಐದುಗಳು ಎರಡಿದ್ದುದರಿಂದ ಸುಲಭವಾಯಿತು. ಐದು ಒಂದೇ ಇದ್ದರೆ? ಹತ್ತು, ಹದಿನೈದು, ಹದಿನೇಳು, ಹತ್ತೊಂಬತ್ತು... ಎರಡರ ಹೆಜ್ಜೆ ಬೆಸ ಸಂಖ್ಯೆಗಳ ಮೇಲೆ ಬೀಳುತ್ತದೆ. ಎರಡು, ನಾಲ್ಕು, ಆರು ಎಂದು ಬಾಯಿಪಾಠ ಮಾಡಿದ ಮಗು ಇಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಒಂದಷ್ಟು ದಿನ ‘ಒಂದು, ಮೂರು, ಐದು, ಏಳು’ ಎಂದು ಬೆಸ ಮೆಟ್ಟಿಲು ಹತ್ತಿಸಿ. ಇನ್ನೊಂದು ದಾರಿ, ಹತ್ತರ ಗುಡ್ಡೆ ಮಾಡುವುದು: ಹತ್ತು ಒಂದು, ಐದು ಎರಡು, ಎರಡು ಐದು. ಮೂರು ಗುಡ್ಡೆಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಎತ್ತರ ಬೇರೆ ಬೇರೆ, ಬೆಲೆ ಒಂದೇ. ಈ ನೋಟವನ್ನು ಮಗು ಸ್ವಲ್ಪ ಹೊತ್ತು ನೋಡಲಿ, ಅವಸರ ಬೇಡ.

ಇಲ್ಲಿಂದ ಮುಂದಿನ ಒಗಟು ಮಕ್ಕಳನ್ನು ಅರ್ಧ ಗಂಟೆ ಹಿಡಿದಿಡುತ್ತದೆ: ಐದು ರೂಪಾಯಿಯನ್ನು ಎಷ್ಟು ಬಗೆಯಲ್ಲಿ ಕೊಡಬಹುದು? ನಾಲ್ಕು ಬಗೆ. ಹತ್ತು ರೂಪಾಯಿಯನ್ನು? ಒಂದು, ಎರಡು, ಐದು, ಹತ್ತರ ನಾಣ್ಯಗಳಿಂದ ಹನ್ನೊಂದು ಬಗೆ. ಏಳೆಂಟು ವರ್ಷದವರು ಒಂಬತ್ತರವರೆಗೆ ಹುಡುಕಿ ನಿಲ್ಲಿಸಬಹುದು. ಐದರ ನಾಣ್ಯ ಇಲ್ಲದೆ ಎಷ್ಟು, ಒಂದು ಐದು ಇಟ್ಟು ಎಷ್ಟು, ಎರಡು ಐದು ಇಟ್ಟು ಎಷ್ಟು ಎಂದು ವಿಂಗಡಿಸಿಕೊಳ್ಳಲು ಹೇಳಿದರೆ ಆರು, ಮೂರು, ಒಂದು, ಜೊತೆಗೆ ಹತ್ತರದೇ ಒಂದು ನಾಣ್ಯ ಎಂದು ಪೂರ್ತಿ ಸಿಗುತ್ತದೆ.

ಚಿಲ್ಲರೆ ಕೊಡುವುದು, ಪಡೆಯುವುದು

ಅಂಗಡಿಯವರು ನೂರು ಪಡೆದು ಎಪ್ಪತ್ತು ವಾಪಸ್ ಕೊಟ್ಟರೆ, ಐದಾರು ವರ್ಷದ ಮಗುವಿಗೆ ಅವರೇ ದುಡ್ಡು ಕೊಟ್ಟ ಹಾಗೆ ಕಾಣುತ್ತದೆ. ಒಂದು ಕೊಟ್ಟರೆ ಮೂರ್ನಾಲ್ಕು ನೋಟು ಬಂತಲ್ಲ! ಅಂಗಡಿಗೆ ಹೋದರೆ ದುಡ್ಡು ಹೆಚ್ಚುತ್ತದೆ ಎಂದು ನಂಬುವ ಮಕ್ಕಳಿದ್ದಾರೆ. ಮನೆಯ ಆಟದ ಅಂಗಡಿಯಲ್ಲಿ ಮಗುವನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದಾಗಲೇ ಇದು ಬಿಡುವುದು. ಖಾಲಿ ಡಬ್ಬಿ, ಪೊಟ್ಟಣಗಳಿಗೆ ಚೀಟಿ ಅಂಟಿಸಿ ಬೆಲೆ ಬರೆಯಲಿ. ಶುರುವಿಗೆ ಹತ್ತರೊಳಗಿನ ಪೂರ್ಣ ರೂಪಾಯಿಗಳು. ಪಾವತಿ ಮೊದಲು ಸರಿಯಾದ ಚಿಲ್ಲರೆಯಲ್ಲಿ, ವಾಪಸ್ ಕೊಡುವುದು ಆಮೇಲೆ.

ವಾಪಸ್ ಲೆಕ್ಕವನ್ನು ಕಳೆಯುವುದರಿಂದ ಕಲಿಸಬೇಡಿ. ಅಂಗಡಿಯವರ ಹಾಗೆ ಮೇಲೆ ಏರಿಸುವುದನ್ನು ಕಲಿಸಿ. ಸಾಮಾನು 37, ಕೊಟ್ಟದ್ದು 50. ಸಾಮಾನನ್ನು ಮುಟ್ಟಿ ‘ಮೂವತ್ತೇಳು’. ಒಂದು ರೂಪಾಯಿ ಇಟ್ಟು ‘ಮೂವತ್ತೆಂಟು’. ಎರಡು ರೂಪಾಯಿ ಇಟ್ಟು ‘ನಲವತ್ತು’. ಹತ್ತು ಇಟ್ಟು ‘ಐವತ್ತು’. ವಾಪಸ್ ಕೊಟ್ಟದ್ದು 13. ಕಳೆಯುವ ಲೆಕ್ಕ ಬಾರದ ಮಗುವೂ ಇದನ್ನು ಮಾಡುತ್ತದೆ.

ಇಲ್ಲಿ ಒಂದು ತಪ್ಪು ಎಷ್ಟು ಸಾಮಾನ್ಯವೆಂದರೆ ಅದಕ್ಕಾಗಿ ಕಾದು ಕೂರಬಹುದು. ಮೊದಲ ರೂಪಾಯಿ ಇಡುವಾಗಲೇ ಮಗು ‘ಮೂವತ್ತೇಳು’ ಎನ್ನುತ್ತದೆ. ಉತ್ತರ ಒಂದು ಹೆಚ್ಚಾಗಿ 14 ಆಗುತ್ತದೆ. ಸಾಮಾನನ್ನು ಮುಟ್ಟಿ ಅದರ ಬೆಲೆ ಹೇಳಿದ ಮೇಲೆಯೇ ಕೈ ಗಲ್ಲಾಪೆಟ್ಟಿಗೆಗೆ ಹೋಗಬೇಕು ಎಂಬ ನಿಯಮ ಮಾಡಿದರೆ ತಪ್ಪು ನಿಲ್ಲುತ್ತದೆ. ಮೂವತ್ತೇಳು ಆ ಸಾಮಾನಿನೊಳಗೇ ಇದೆ, ನಾಣ್ಯ ಅದರ ಮೇಲಿನದು.

ಎಂಟು ವರ್ಷದ ಹೊತ್ತಿಗೆ, ‘ಎರಡು ರೂಪಾಯಿ ಚಿಲ್ಲರೆ ಇದೆಯಾ?’ ಎಂಬ ದಿನನಿತ್ಯದ ಪ್ರಶ್ನೆಯನ್ನು ಬಿಡಿಸಿ ಹೇಳಬಹುದು. ಬಿಲ್ಲು 42. ಐವತ್ತರ ಜೊತೆ ಎರಡು ಕೊಟ್ಟರೆ ಅಂಗಡಿಯವರು ಒಂದೇ ಹತ್ತು ಹಿಂದಿರುಗಿಸಿದರಾಯಿತು, ಎಂಟು ರೂಪಾಯಿ ಚಿಲ್ಲರೆ ಹುಡುಕಬೇಕಾಗಿಲ್ಲ. ಹೆಚ್ಚು ಕೊಟ್ಟರೆ ಹೆಚ್ಚು ವಾಪಸ್ ಬರುತ್ತದೆ ಎಂಬುದು ಮಕ್ಕಳಿಗೆ ಬೆರಗಿನ ವಿಷಯ. ನಾಣ್ಯ ಇಟ್ಟು ಎರಡೂ ರೀತಿ ಮಾಡಿಸಿದರೆ ಮಾತ್ರ ಒಪ್ಪುತ್ತಾರೆ. ಚಿಲ್ಲರೆ ಇಲ್ಲವೆಂದು ಚಾಕೊಲೇಟು ಕೊಟ್ಟರೆ ಮಗು ಇರುವಾಗಲಾದರೂ ದುಡ್ಡನ್ನೇ ಕೇಳಿ ಪಡೆಯುವುದು ಒಳ್ಳೆಯದು. ಬಾಕಿ ಹಣ ಎಂಬುದು ನಿಜವಾದ ಹಣ ಎಂದು ಅದಕ್ಕೆ ತಿಳಿಯಬೇಕು. ಬಸ್ಸಿನ ಟಿಕೆಟ್ಟಿನ ಹಿಂದೆ ಕಂಡಕ್ಟರ್ ಬರೆದುಕೊಡುವ ಬಾಕಿಯನ್ನೂ ಹೀಗೆಯೇ ತೋರಿಸಿ, ಇಳಿಯುವ ಮುನ್ನ ಮಗುವೇ ಕೇಳಿ ಪಡೆಯಲಿ.

ಹತ್ತರ ನಾಣ್ಯವನ್ನು ಯಾರಾದರೂ ‘ನಡೆಯಲ್ಲ’ ಎಂದು ಹಿಂದೆ ತಳ್ಳಿದರೆ ಮಗು ಗಲಿಬಿಲಿಗೊಳ್ಳುತ್ತದೆ. ಆಗ ಹೇಳಬೇಕಾದ್ದು ಸ್ಪಷ್ಟ: ಹದಿನಾಲ್ಕು ವಿನ್ಯಾಸಗಳ ಹತ್ತರ ನಾಣ್ಯಗಳೂ ಚಲಾವಣೆಗೆ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ.

ಪೈಸೆಯನ್ನು ಈ ವಯಸ್ಸಿನಲ್ಲಿ ತರಬೇಕಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಸಣ್ಣವು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. 50 ಪೈಸೆ ಕಾನೂನಿನ ಪ್ರಕಾರ ಇದ್ದರೂ ಕೈಗೆ ಸಿಗುವುದು ಅಪರೂಪ. ದಶಮಾಂಶ ಕಲಿಯುವಾಗ ನೂರು ಪೈಸೆಗೆ ಒಂದು ರೂಪಾಯಿ ಎಂದರೆ ಸಾಕು. ಅಜ್ಜಿ ‘ಎಂಟಾಣೆ’ ಎಂದದ್ದನ್ನು ಕೇಳಿ ಮಗು ಪ್ರಶ್ನಿಸಿದರೆ ಮಾತ್ರ, 1957ಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ ಇತ್ತು, ಎಂಟಾಣೆ ಎಂದರೆ ಅರ್ಧ ರೂಪಾಯಿ ಎಂದು ಹೇಳಿ.

ಕಾಣದ ದುಡ್ಡು

ಈಗಿನ ಮಕ್ಕಳಿಗೆ ದೊಡ್ಡ ಕೊರತೆ ದುಡ್ಡು ಕೈ ಬದಲಾಗುವುದನ್ನು ನೋಡುವ ಅವಕಾಶ. ಅಪ್ಪ ಫೋನು ತೋರಿಸುತ್ತಾರೆ, ಪೆಟ್ಟಿಗೆಯೊಂದು ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗುತ್ತದೆ, ಸಾಮಾನು ಕೈಗೆ ಬರುತ್ತದೆ. ಏನು ಹೋಯಿತು? ಮಗುವಿನ ಕಣ್ಣಿಗೆ ಏನೂ ಹೋಗಿಲ್ಲ. ಎಟಿಎಂ ಕೂಡ ಹಾಗೆಯೇ, ಕೇಳಿದಷ್ಟು ಕೊಡುವ ಯಂತ್ರ. ಹುಂಡಿಯಲ್ಲಿ ಹಾಕಿದ್ದನ್ನೇ ಹುಂಡಿಯಿಂದ ತೆಗೆಯಬಹುದು ಎಂಬ ಅನುಭವ ಇರುವ ಮಗುವಿಗೆ ‘ಬ್ಯಾಂಕೂ ದೊಡ್ಡ ಹುಂಡಿಯೇ, ನಾವು ಹಾಕಿದ್ದಷ್ಟೇ ಬರುತ್ತದೆ’ ಎಂದರೆ ಅರ್ಥವಾಗುತ್ತದೆ. ಹುಂಡಿ ಒಳಗೆ ಕಾಣುವಂಥ ಗಾಜಿನ ಭರಣಿಯಾಗಿದ್ದರೆ ಇನ್ನೂ ಒಳ್ಳೆಯದು.

ಒಂದು ತಿಂಗಳು ಮಗು ಜೊತೆಗಿರುವಾಗ ತರಕಾರಿ, ಹೂವು, ಹಣ್ಣಿಗೆ ನಗದನ್ನೇ ಕೊಡಿ, ಕೊಡುವುದನ್ನು ಮಗುವಿನ ಕೈಯಿಂದಲೇ ಮಾಡಿಸಿ. ಸಂತೆಗೆ ಹೋಗುವಾಗ 50 ರೂಪಾಯಿ ಅದರ ಕೈಗಿತ್ತು ‘ಕೊತ್ತಂಬರಿ, ಕರಿಬೇವು, ನಿಂಬೆಹಣ್ಣು, ಉಳಿದರೆ ನಿನಗೆ ಬೇಕಾದ್ದು’ ಎಂದು ಹೇಳಿ. ಕೆಜಿಗೆ 40 ಇದ್ದರೆ ಕಾಲು ಕೆಜಿಗೆ ಹತ್ತು ಎಂಬ ಲೆಕ್ಕ ಅಲ್ಲೇ ಸಿಗುತ್ತದೆ. ಶಾಲೆಯ ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳೂ ಇದಕ್ಕೇ ಇರುವುದು. ಆದರೆ ಅಲ್ಲಿ ದೊಡ್ಡವರು ಪಕ್ಕದಲ್ಲಿ ನಿಂತು ಚಿಲ್ಲರೆ ಎಣಿಸಿಕೊಟ್ಟರೆ ಮೇಳದ ಉದ್ದೇಶವೇ ಕೆಟ್ಟಿತು.

ಫೋನಿನಲ್ಲೇ ಪಾವತಿ ಮಾಡುವ ಮನೆಗಳಲ್ಲಿ ಎರಡು ಡಬ್ಬಿ ಇಡುವುದು ನೆರವಾಗುತ್ತದೆ. ಒಂದಕ್ಕೆ ‘ನಮ್ಮದು’, ಇನ್ನೊಂದಕ್ಕೆ ‘ಅಂಗಡಿಗೆ ಹೋದದ್ದು’ ಎಂದು ಚೀಟಿ. ಸೋಮವಾರ ಮೊದಲ ಡಬ್ಬಿಯಲ್ಲಿ 200 ರೂಪಾಯಿಯ ನಾಣ್ಯ, ನೋಟುಗಳು. ಹಾಲಿಗೆ 26 ರೂಪಾಯಿ ಫೋನಿನಲ್ಲಿ ಹೋಯಿತೆಂದರೆ, ಮನೆಗೆ ಬಂದು ಮಗು 26ನ್ನು ಎಣಿಸಿ ಎರಡನೇ ಡಬ್ಬಿಗೆ ಹಾಕಬೇಕು. ಒಮ್ಮೊಮ್ಮೆ ಸರಿಯಾದ ಚಿಲ್ಲರೆ ಇರುವುದಿಲ್ಲ, ಆಗ ಮುರಿಸಬೇಕಾಗುತ್ತದೆ. ಅದೇ ಅಭ್ಯಾಸ. ವಾರದ ಕೊನೆಗೆ ಎರಡೂ ಡಬ್ಬಿ ಎಣಿಸಿ. ಎರಡೂ ಸೇರಿ 200 ಆಗದಿದ್ದರೆ ಎಲ್ಲಿ ತಪ್ಪಿತೆಂದು ಇಬ್ಬರೂ ಕೂತು ಹುಡುಕಿ. ಮೊದಲ ಡಬ್ಬಿ ಶುಕ್ರವಾರವೇ ಖಾಲಿಯಾದರೆ ಮಧ್ಯೆ ತುಂಬಿಸಬೇಡಿ. ಶನಿವಾರ ಬಿಸ್ಕತ್ತು ಕೇಳಿದ ಮಗು ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಲಿ.